ರಿಬ್ಬನ್ ಇದ್ದ ಪುಟ

ಹದಿನಾಲ್ಕು ದಿನ ಒಂದು ಮಾತೂ ಆಡಬಾರದು ಎಂದು ಡಾಕ್ಟರ್ ಹೇಳಿದ್ದರು. ಪಿಸುಮಾತೂ ಕೂಡದು, ಅದು ಗಟ್ಟಿ ಮಾತಿಗಿಂತ ಕೆಟ್ಟದ್ದು ಎಂದು ಗಂಟಲಿನ ಚಿತ್ರ ಬರೆದು ತೋರಿಸಿದ್ದರು. ಕೆಮ್ಮು ಬಂದರೆ ನೀರು ಕುಡಿಯಬೇಕು. ನಗುವಂತೆಯೂ ಇಲ್ಲ, ನಗಿಸುವವರು ಯಾರಾದರೂ ಮನೆಯಲ್ಲಿದ್ದರೆ ಅವರನ್ನು ದೂರ ಇಡಬೇಕು.

"ಆ ಭಯ ಇಲ್ಲ ಡಾಕ್ಟ್ರೇ. ನಮ್ಮ ಮನೇಲಿ ನಗಿಸೋರು ಇವರೊಬ್ಬರೇ," ಎಂದಳು ಮೈಕಣ್ಣನ ಹೆಂಡತಿ.

ಮೈಕಣ್ಣ ಎಂದು ಹೆಸರಿಟ್ಟವರು ರೈಲು ನಿಲ್ದಾಣದ ಪೋರ್ಟರ್‌ಗಳು. ಒಂದನೇ ಪ್ಲಾಟ್‌ಫಾರ್ಮಿನ ಕೊನೆಯ ಗಾಜಿನ ಕೋಣೆಯಲ್ಲಿ ಕೂತು, ಯಾವ ರೈಲು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ ಎಂದು ಅವನು ಮೈಕಿನಲ್ಲಿ ಹೇಳಲು ಶುರು ಮಾಡಿ ಇಪ್ಪತ್ತಾರು ವರ್ಷವಾಗಿತ್ತು. ಹಿಂದಿನ ನಿಲ್ದಾಣದಿಂದ ರೈಲು ಹೊರಟಿದ್ದು ಫೋನಿನಲ್ಲಿ ಖಚಿತವಾಗುವವರೆಗೆ ಅವನು "ಬರಲಿದೆ" ಎನ್ನುತ್ತಿರಲಿಲ್ಲ. ಪ್ರಯಾಣಿಕರು ಗಾಜು ತಟ್ಟಿ ಬೈದರೂ "ನಿರೀಕ್ಷಿಸಲಾಗಿದೆ" ಎಂಬಲ್ಲಿಗೇ ನಿಲ್ಲುತ್ತಿದ್ದ.

ಭಾನುವಾರ ಅದೇ ಗಂಟಲು ಸಭೆಗೆ ಸಲ್ಲುತ್ತಿತ್ತು. ಎಂಬತ್ತು ಜನ ಸೇರುವ ಆ ಸಣ್ಣ ಪ್ರಾರ್ಥನಾಮಂದಿರದಲ್ಲಿ ಇಪ್ಪತ್ತೆರಡು ವರ್ಷದಿಂದ ಸತ್ಯವೇದ, ಅಂದರೆ ಬೈಬಲ್, ಓದುವವನು ಅವನೇ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ದೇವರ ವಾಗ್ದಾನಗಳನ್ನೂ ರೈಲಿನ ವೇಳೆಯನ್ನು ಓದುವಷ್ಟೇ ಸಮಚಿತ್ತದಿಂದ ಓದುತ್ತಿದ್ದ. ಕೇಳಿದವರು ಕಣ್ಣೊರೆಸಿಕೊಂಡರೆ ಅದು ಅವರ ವಿಷಯ. ಇದನ್ನು ನಾನು ನಂಬುತ್ತೇನೆಯೇ ಎಂದು ಅವನು ತನ್ನನ್ನು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವ ಪ್ರಸಂಗ ಬಂದಿರಲಿಲ್ಲ.

ಈಗ ಬಂದಿತ್ತು. ಧ್ವನಿತಂತುವಿನ ಮೇಲೆ ಗಂಟು ಎದ್ದು ಶಸ್ತ್ರಚಿಕಿತ್ಸೆಯಾದದ್ದು ಇದು ಎರಡನೆಯ ಸಲ, ಈ ಬಾರಿ ಅದು ಆಳಕ್ಕೆ ಇಳಿದಿತ್ತು. ಕ್ಯಾನ್ಸರ್ ಅಲ್ಲ ಎಂಬ ವರದಿ ಮೂರನೆಯ ದಿನವೇ ಬಂತು. ಧ್ವನಿಯ ಬಗ್ಗೆ ಮಾತ್ರ ಡಾಕ್ಟರ್ ಭರವಸೆ ಕೊಡಲಿಲ್ಲ. ಪೂರ್ತಿ ಬರಬಹುದು, ಅರ್ಧ ಬರಬಹುದು, ಏನೂ ಬಾರದೆಯೂ ಇರಬಹುದು, ಹದಿನೈದನೆಯ ದಿನ ಬಾಯಿ ತೆರೆದಾಗಲೇ ಗೊತ್ತಾಗುವುದು ಎಂದರು. ಮೈಕಣ್ಣನಿಗೆ ಅವರ ಮಾತು ಹಿಡಿಸಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಿದ್ದರು. ಮನೆಗೆ ಬಂದ ಮೇಲೆ ಆ ಮಾತೇ ನಿದ್ದೆ ಕೆಡಿಸಿತು.

ನಾಲ್ಕನೆಯ ದಿನ ಅಕ್ಕ ಬಂದಳು. ಅವಳು ಲಾಂಡ್ರಿಯೊಂದರ ಮೇಲ್ವಿಚಾರಕಿ. ನಂಬಿಕೆಯಲ್ಲೂ ಕಲೆ ಉಳಿಯಬಾರದು ಎನ್ನುವವಳು.

"ಹೇಗಿದ್ದೀಯೋ? ಬೇಡ ಬೇಡ, ಉತ್ತರ ಕೊಡ್ಬೇಡ," ಎನ್ನುತ್ತಲೇ ಕೈಚೀಲದಿಂದ ಒಂದು ಹಾಳೆ ತೆಗೆದು ಮಂಚದ ಎದುರಿನ ಗೋಡೆಗೆ ಅಂಟಿಸಿದಳು. ನನ್ನ ನಾಲಿಗೆ ಮಂದ, ನಾನು ಮಾತಾಡಲಾರೆ ಎಂದ ಮೋಶೆಗೆ ದೇವರು ಕೊಟ್ಟ ಮಾತು ಅದರಲ್ಲಿತ್ತು. ಬಾಯಿ ಕೊಟ್ಟವನು ನಾನೇ, ನಿನ್ನ ಬಾಯಿಗೆ ನೆರವಾಗುವವನೂ ನಾನೇ ಎಂಬ ಅರ್ಥದ್ದು.

ಮೈಕಣ್ಣ ಸ್ಲೇಟು ಎತ್ತಿಕೊಂಡು ಬರೆದ: "ಅದು ಮೋಶೆಗೆ ಹೇಳಿದ್ದು. ನನಗಲ್ಲ."

"ಎಲ್ಲರಿಗೂ ಸಲ್ಲುತ್ತೆ ಕಣೋ."

ಅಳಿಸಿ ಮತ್ತೆ ಬರೆದ: "ಮೋಶೆಯ ನಾಲಿಗೆ ವಾಸಿಯಾಯಿತು ಎಂದು ಎಲ್ಲೂ ಇಲ್ಲ. ಬದಲಿಗೆ ಮಾತಾಡಲು ಅವನ ಅಣ್ಣನನ್ನು ಕಳಿಸಿದರು."

ಅಕ್ಕ ಸ್ಲೇಟನ್ನೂ ತಮ್ಮನನ್ನೂ ನೋಡಿದಳು. "ದೇವರ ಹತ್ರಾನೂ ಪ್ಲಾಟ್‌ಫಾರ್ಮ್ ನಂಬರ್ ಕೇಳೋ ಆಸಾಮಿ ನೀನು."

"ಅತ್ತಿಗೆ, ನಗಿಸ್ಬೇಡಿ ಅವರನ್ನ," ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು.

"ನಗಿಸ್ತಿಲ್ಲಮ್ಮ, ಬೈತಿದೀನಿ."

ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು. ಬೆಳಿಗ್ಗೆ ಹತ್ತಕ್ಕೆ ಹೋದರೆ ಸಂಜೆ ಆರಕ್ಕೆ ವಾಪಸು. ಅಷ್ಟು ಹೊತ್ತೂ ಮನೆಯಲ್ಲಿ ಮೈಕಣ್ಣ ಒಬ್ಬನೇ. ಅಂಗಡಿಯಿಂದ ಬಂದವಳು ದಿನವೂ "ಹೇಗಿದ್ದೀರಿ?" ಎಂದು ಕೇಳುತ್ತಿದ್ದಳು. ಅವನು ಸ್ಲೇಟಿನಲ್ಲಿ "ಚೆನ್ನಾಗಿದ್ದೇನೆ" ಎಂದು ಬರೆದು ತೋರಿಸುತ್ತಿದ್ದ. ಅಕ್ಷರ ದುಂಡಗಿರುತ್ತಿದ್ದುದರಿಂದ ಅವಳು ನಂಬುತ್ತಿದ್ದಳು.

ಸಭೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಓದುವವನು ಅವರ ಮನೆಗೆ ಹೋಗಿ ಒಂದು ಅಧ್ಯಾಯ ಓದಿ ಬರುವುದು ರೂಢಿ. ಅದಕ್ಕೆ ಮೂರು ನಿಯಮಗಳಿದ್ದವು, ಮೂರನ್ನೂ ಮಾಡಿದವನು ಮೈಕಣ್ಣನೇ. ಓದಬೇಕಾದದ್ದು ಆ ಮನೆಯವರ ಪುಸ್ತಕದಿಂದ. ಶುರು ಮಾಡಬೇಕಾದದ್ದು ಅವರು ರಿಬ್ಬನ್ ಇಟ್ಟ ಪುಟದಿಂದ. ಮನೆಗೆ ಬೆಂಕಿ ಬಿದ್ದ ಹೊರತು ಅಧ್ಯಾಯವನ್ನು ನಡುವೆ ನಿಲ್ಲಿಸುವಂತಿಲ್ಲ. ಮೂರನೆಯದಕ್ಕೆ ಕಾರಣವಿತ್ತು. ಅವನಿಗಿಂತ ಮೊದಲು ಓದುತ್ತಿದ್ದವರೊಬ್ಬರು, ದೇವರ ಕೋಪ ವರ್ಣಿಸುವ ಕಡೆ ತಲುಪಿದಾಗ ಟೀ ಬಂತೆಂದು ಪುಸ್ತಕ ಮುಚ್ಚಿದ್ದರು. ಕಾಲು ಮುರಿದುಕೊಂಡು ಮಲಗಿದ್ದ ಮುದುಕಿ, ಕೋಪ ಇಳಿಯಿತೋ ಇಲ್ಲವೋ ಗೊತ್ತಾಗದೆ ಎರಡು ದಿನ ಊಟ ಬಿಟ್ಟಿದ್ದಳು.

ಈಗ ಓದುವವನೇ ಮಲಗಿದ್ದ. ಅವನ ಮುಂದೆ ಓದುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಕೈ ಎತ್ತಿದವನು ಬೇಕರಿಯವನು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುವವನು. ಒಲೆಗೆ ಬ್ರೆಡ್ ಹಾಕಿ ತೆಗೆಯುವ ನಡುವಿನ ಹೊತ್ತಿನಲ್ಲಿ ಐದು ದಿನ ಕೂತು ಸತ್ಯವೇದದ ತೊಂಬತ್ತೊಂದನೆಯ ಕೀರ್ತನೆಯನ್ನು ಗಟ್ಟಿ ಮಾಡಿಕೊಂಡ. ದೇವರ ಮರೆಯಲ್ಲಿರುವವನಿಗೆ ಯಾವ ಕೇಡೂ ತಟ್ಟದು ಎನ್ನುವ ಕೀರ್ತನೆ ಅದು. ರೋಗಿಗಳಿಗೆ ಹೆಚ್ಚಾಗಿ ಅದನ್ನೇ ಓದುತ್ತಾರೆ. ರಿಬ್ಬನ್ ಅಲ್ಲೇ ಇಟ್ಟಿರಿ ಎಂದು ಮೈಕಣ್ಣನ ಹೆಂಡತಿಗೆ ಮೊದಲೇ ಹೇಳಿಕಳಿಸಿದ. ಅವಳು ಎಂಟನೆಯ ದಿನ ಸಂಜೆ ಇಟ್ಟಳು.

ಒಂಬತ್ತನೆಯ ದಿನ ನಾಲ್ಕು ಗಂಟೆಗೆ ಬೇಕರಿಯವನು ಬಂದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ. ಹೆಂಡತಿ ಅರ್ಧ ದಿನ ರಜೆ ಹಾಕಿದ್ದಳು. ಅಕ್ಕ ಕೈಚೀಲವನ್ನು ಮಂಚದ ಮೇಲೆ ಇಟ್ಟು ಪಕ್ಕದಲ್ಲೇ ಕೂತಿದ್ದಳು.

"ಅಣ್ಣ, ತಪ್ಪಾದ್ರೆ ಹೊಡೀಬೇಡಿ. ಬೈಯೋಕಂತೂ ಆಗಲ್ಲ ನಿಮಗೆ, ಅದೇ ಧೈರ್ಯದ ಮೇಲೆ ಬಂದಿದೀನಿ," ಎಂದ ಬೇಕರಿಯವನು.

ಮೈಕಣ್ಣ ಬಾಯಿ ಮುಚ್ಚಿಕೊಂಡು ನಗು ತಡೆದ. ಬೇಕರಿಯವನು ಕೈ ತೊಳೆದು ಬಂದು, ಮೇಜಿನ ಮೇಲಿದ್ದ ದಪ್ಪ ಪುಸ್ತಕವನ್ನು ರಿಬ್ಬನ್ ಇದ್ದಲ್ಲಿ ತೆರೆದ. ತೆರೆದವನೇ ಒಂದು ಕ್ಷಣ ನಿಂತ. ಮೊದಲಿಗೇ ಒಂದಷ್ಟು ಕಷ್ಟದ ಹೆಸರುಗಳಿದ್ದವು. ಅವನು ಕಲಿತದ್ದರಲ್ಲಿ ಹೆಸರುಗಳಿರಲಿಲ್ಲ. ಆದರೆ ಇದು ಬೇರೆಯವರ ಪುಸ್ತಕ, ಇದರಲ್ಲಿ ಹೀಗಿರಬಹುದು ಎಂದುಕೊಂಡ. ಬೆರಳಿಟ್ಟು ಹೊರಟೇಬಿಟ್ಟ.

ಮೊದಲ ಹೆಸರು ಕಿವಿಗೆ ಬೀಳುತ್ತಲೇ ಮೈಕಣ್ಣನಿಗೆ ಅದು ಯಾವ ಕೀರ್ತನೆ ಎಂದು ತಿಳಿಯಿತು. ಸ್ಲೇಟಿಗೆ ಕೈ ಚಾಚಿದ. ಸ್ಲೇಟು ಅಕ್ಕನ ಕೈಚೀಲದ ಅಡಿಯಲ್ಲಿತ್ತು. ಒಂದು ಚಪ್ಪಾಳೆ ತಟ್ಟಿದ. ಹೆಸರುಗಳನ್ನು ದಾಟಿದ್ದಕ್ಕೆ ಶಾಭಾಸ್ ಸಿಕ್ಕಿತೆಂದು ಬೇಕರಿಯವನು ದನಿ ಏರಿಸಿದ.

ಎಂಬತ್ತೆಂಟನೆಯ ಕೀರ್ತನೆ ಅದು. ರಕ್ಷಿಸುವ ದೇವರೇ ಎಂದು ಕರೆದು ಶುರುವಾಗುತ್ತದೆ, ಆಮೇಲೆ ಒಂದೇ ಸಮನೆ ಇಳಿಯುತ್ತದೆ. ಕಷ್ಟದಿಂದ ತುಂಬಿಹೋದೆ, ಗುಂಡಿಗೆ ಇಳಿದವರ ಲೆಕ್ಕಕ್ಕೆ ಸೇರಿದೆ, ಇಲ್ಲಿಗೆ ತಂದವನು ನೀನೇ, ಗೆಳೆಯರು ದೂರವಾದರು, ದಿನವೂ ಕೈಚಾಚಿ ಕೂಗುತ್ತೇನೆ, ಮುಖ ಯಾಕೆ ಮರೆಸಿಕೊಂಡೆ ಎಂದು ಒಬ್ಬ ಮನುಷ್ಯ ಕೇಳುತ್ತಾ ಹೋಗುತ್ತಾನೆ.

ಮೂರನೆಯ ವಚನಕ್ಕೆ ಅಕ್ಕ ನೆಟ್ಟಗೆ ಕೂತಳು. ಆರನೆಯದಕ್ಕೆ ತಡೆಯಲಾಗಲಿಲ್ಲ. "ನಿಲ್ಸಪ್ಪ, ನಿಲ್ಸು. ಇದಲ್ಲ."

ಬೇಕರಿಯವನು ತಲೆ ಎತ್ತಲಿಲ್ಲ. ಎತ್ತಿದರೆ ಸಾಲು ತಪ್ಪುತ್ತಿತ್ತು. ಎಡಗೈಯನ್ನು ಮಾತ್ರ ಮೇಲೆತ್ತಿ, "ನಿಲ್ಸೋ ಹಾಗಿಲ್ಲ ಅಕ್ಕ, ಅಣ್ಣನದೇ ರೂಲು," ಎಂದು ಮುಂದಿನ ಪದಕ್ಕೆ ಹೋದ.

ಮೈಕಣ್ಣ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಈ ಕೀರ್ತನೆಯನ್ನು ಅವನು ಸಭೆಯಲ್ಲಿ ಒಮ್ಮೆಯೂ ಓದಿರಲಿಲ್ಲ. ವರ್ಷವಿಡೀ ಓದಬೇಕಾದ ಭಾಗಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಈಚೆಗೆ ಮನೆಯಲ್ಲಿ ಒಬ್ಬನೇ ಇದ್ದಾಗ ಬಾಯಿ ಮುಚ್ಚಿಕೊಂಡು, ಕಣ್ಣಿನಲ್ಲೇ, ಹಲವು ಸಲ ಓದಿದ್ದ. ಕಣ್ಣು ಬೇಗ ಓಡುತ್ತಿತ್ತು. ಬೇಕರಿಯವನು ಓಡಲಾರ. ಒಂದೊಂದು ಪದವನ್ನೂ ಭಾರದ ಚೀಲ ಇಳಿಸುವವನಂತೆ ಕೆಳಗಿಟ್ಟು, ಉಸಿರು ತೆಗೆದುಕೊಂಡು, ಇನ್ನೊಂದನ್ನು ಎತ್ತುತ್ತಿದ್ದ. ಮೈಕಣ್ಣ ಹೆಂಡತಿಗೆ ಬರೆದು ತೋರಿಸಲಾಗದ್ದೆಲ್ಲ ಅವಳ ಎದುರಿನಲ್ಲೇ, ಇನ್ನೊಬ್ಬನ ಬಾಯಿಂದ, ನಿಧಾನವಾಗಿ ಹೊರಬರುತ್ತಿತ್ತು. ಇಷ್ಟು ನಿಧಾನವಾಗಿ ಕೇಳಿದಾಗ ಇನ್ನೊಂದು ಸಂಗತಿಯೂ ಅವನ ಗಮನಕ್ಕೆ ಬಂತು. ಕೀರ್ತನೆಯ ಮನುಷ್ಯ ಎಲ್ಲಿಯೂ ದೇವರ ಬಗ್ಗೆ ಬೇರೆಯವರ ಹತ್ತಿರ ದೂರುತ್ತಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ನೀನು, ನೀನು ಎಂದೇ ಮಾತಾಡುತ್ತಿದ್ದ.

ಹದಿನೆಂಟು ವಚನಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ಕತ್ತಲೆ ಎಂಬಲ್ಲಿ ಅಧ್ಯಾಯ ಮುಗಿಯಿತು. ಇನ್ನೂ ಇರಬಹುದೆಂದು ಬೇಕರಿಯವನು ಮುಂದೆ ಬೆರಳು ಸರಿಸಿ ನೋಡಿದ. ಅಲ್ಲಿ ಎಂಬತ್ತೊಂಬತ್ತು ಎಂಬ ಅಂಕಿಯಿತ್ತು.

"ಮುಗೀತಾ?" ಎಂದು ತನ್ನಷ್ಟಕ್ಕೇ ಕೇಳಿಕೊಂಡ. ಆಮೇಲೆ ಮೈಕಣ್ಣನ ಕಡೆ ತಿರುಗಿದ. ಹಣೆ ಬೆವತಿತ್ತು. "ಅಣ್ಣ, ದೇವರಾಣೆ, ನಾನು ಕಲ್ತಿದ್ದು ಇದಲ್ಲ."

"ರೋಗಿ ಮನೇಲಿ ಓದೋದಾ ಇದನ್ನ?" ಎಂದಳು ಅಕ್ಕ.

"ನಾನು ತೊಂಬತ್ತೊಂದಕ್ಕೇ ಇಟ್ಟಿದ್ದೆ," ಎಂದಳು ಹೆಂಡತಿ. ಅವಳು ನೋಡುತ್ತಿದ್ದುದು ಪುಸ್ತಕವನ್ನಲ್ಲ, ಗಂಡನನ್ನು. "ರೀ, ಇವತ್ತು ಈ ರಿಬ್ಬನ್ ಮುಟ್ಟಿದ್ದು ಯಾರು?"

ಮೈಕಣ್ಣ ತನ್ನ ಎದೆಯ ಮೇಲೆ ಬೆರಳಿಟ್ಟುಕೊಂಡ. ಬೆಳಿಗ್ಗೆ ಓದಿದವನು, ರಿಬ್ಬನ್ನನ್ನು ಅಲ್ಲೇ ಬಿಟ್ಟಿದ್ದ. ಮರೆತಿದ್ದ.

"ಇದನ್ನೇ ಓದ್ತಾ ಇದ್ರಾ? ಎಷ್ಟು ದಿನದಿಂದ?"

ಅವನು ನಾಲ್ಕು ಬೆರಳು ತೋರಿಸಿದ.

ಅವಳು ಮಂಚದ ತುದಿಯಲ್ಲಿ ಕೂತಳು. "ನನಗೆ ಮಾತ್ರ ದಿನಾ 'ಚೆನ್ನಾಗಿದ್ದೇನೆ' ಅಂತ ಬರೆದು ತೋರಿಸ್ತಿದ್ರಿ."

ಅಕ್ಕ ಕೈಚೀಲ ಎತ್ತಿ ಸ್ಲೇಟು ಕೊಟ್ಟಳು. ಮೈಕಣ್ಣ ಬಹಳ ಹೊತ್ತು ತೆಗೆದುಕೊಂಡು ಬರೆದ: "ನಂಬುವುದಕ್ಕೆ ಆಗುತ್ತಿಲ್ಲ. ಬಿಡುವುದಕ್ಕೂ ಆಗುತ್ತಿಲ್ಲ."

ಸ್ಲೇಟು ಕೈಯಿಂದ ಕೈಗೆ ಹೋಯಿತು. ಬೇಕರಿಯವನು ಅದನ್ನೂ ಬೆರಳಿಟ್ಟೇ ಓದಿದ. "ಒಂದು ಕೇಳ್ಲಾ ಅಣ್ಣ? ಈ ಮನುಷ್ಯನಿಗೆ ಕೊನೇಗೂ ಉತ್ತರ ಬರ್ಲಿಲ್ವಾ?"

ಮೈಕಣ್ಣ ಸ್ಲೇಟು ಪಡೆದು ಬರೆದ: "ಇಲ್ಲಿ ಬರೆದಿಲ್ಲ."

"ಆದ್ರೂ ಇದನ್ನ ಹರಿದು ಹಾಕ್ಲಿಲ್ಲ ನೋಡಿ. ಒಳ್ಳೆಯ ವಾಗ್ದಾನಗಳ ಪಕ್ಕದಲ್ಲೇ ಇಟ್ಟಿದಾರೆ." ಬೇಕರಿಯವನು ಸ್ವಲ್ಪ ಯೋಚಿಸಿದ. "ಸುಟ್ಟ ಬ್ರೆಡ್ಡನ್ನ ನಾನು ಗಾಜಿನ ಪೆಟ್ಟಿಗೇಲಿ ಇಡಲ್ಲಪ್ಪ. ಗಿರಾಕಿ ಓಡಿಹೋಗ್ತಾನೆ ಅಂತ ಭಯ. ಇಲ್ಲಿ ಆ ಭಯ ಇದ್ದಂಗಿಲ್ಲ."

ಈಗ ಅಕ್ಕ ಏನಾದರೂ ಉಪದೇಶ ಹೇಳುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಗೋಡೆಯ ಮೇಲಿನ ತನ್ನ ಹಾಳೆಯನ್ನು ನೋಡುತ್ತಿದ್ದಳು.

"ನಿಮ್ಮ ಭಾವ ಮಲಗಿದ್ದಾಗ ಹನ್ನೊಂದು ಹಾಳೆ ಅಂಟಿಸಿದ್ದೆ," ಎಂದಳು. "ಅವರು ಹೋದ್ಮೇಲೆ ಒಂದೊಂದೇ ಕಿತ್ತೆ. ಸಿಟ್ಟಲ್ಲೇ ಕಿತ್ತೆ. ಸಭೇಲಿ ಯಾರಿಗೂ ಹೇಳಿಲ್ಲ. ಹತ್ತು ಕಿತ್ತೆ, ಒಂದು ಬಿಟ್ಟೆ."

"ಯಾವುದು ಅತ್ತಿಗೆ?"

"ಜೊತೇಲಿ ಇರ್ತೀನಿ ಅನ್ನೋದು. ಕೀಳೋಕೆ ಹೋದೆ. ಆಸ್ಪತ್ರೇಲಿ ಆ ಆರು ವಾರ ನಾನು ಒಬ್ಬಳೇ ಇದ್ದೆ ಅಂತ ಯಾವತ್ತೂ ಅನ್ನಿಸಿರ್ಲಿಲ್ಲ. ಅದನ್ನ ಸುಳ್ಳು ಅಂದ್ರೆ ನಾನು ಸುಳ್ಳು ಹೇಳಿದ ಹಾಗಾಗೋದು." ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ಟೀ ಮಾಡ್ತೀನಿ. ಬ್ರೆಡ್ ಆರಿಹೋಗ್ತಿದೆ."

ಬ್ರೆಡ್ ಇನ್ನೂ ಬೆಚ್ಚಗಿತ್ತು. ನಾಲ್ವರೂ ಅದನ್ನು ಪೂರ್ತಿ ತಿಂದರು. ಒಂಬತ್ತು ದಿನಗಳಲ್ಲಿ ಮೈಕಣ್ಣ ಹಸಿವಾಗಿ ತಿಂದದ್ದು ಅದೇ ಮೊದಲು.

ಬೇಕರಿಯವನು ಮರುದಿನ ಮತ್ತೆ ಬಂದ. ಕಲಿತದ್ದನ್ನು ಓದದೆ ಬಿಟ್ಟರೆ ಹಿಟ್ಟು ನಾದಿ ಒಲೆಗೆ ಹಾಕದೆ ಬಿಟ್ಟಂತಾಗುತ್ತದೆ ಎಂದ. ಅದರ ಮರುದಿನವೂ ಬಂದ. ಮೈಕಣ್ಣ ಅವನಿಗೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ತಲೆ ಎತ್ತಬೇಕು ಎಂದು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದ. ಮೂಗಿನಿಂದ ಜಾರುತ್ತಿದ್ದ ಬೇಕರಿಯವನ ಕನ್ನಡಕವನ್ನು ಹೆಂಡತಿ ಬಿಗಿ ಮಾಡಿ ಕೊಟ್ಟಳು.

ಹೆಂಡತಿಯ ಪ್ರಶ್ನೆಗೆ ಈಗ ಸ್ಲೇಟಿನಲ್ಲಿ ಬೇರೆ ಉತ್ತರಗಳು ಬರುತ್ತಿದ್ದವು. "ಬೆಳಿಗ್ಗೆ ಭಯ. ಊಟದ ನಂತರ ಕಡಿಮೆ." "ಗಾಜಿನ ಕೋಣೆ ಕೈತಪ್ಪಿದರೆ ಏನು ಮಾಡುವುದೆಂದು ಗೊತ್ತಿಲ್ಲ." ಅವಳು ಓದಿ, "ನನಗೂ ಗೊತ್ತಿಲ್ಲ," ಎನ್ನುತ್ತಿದ್ದಳು. ಊಟದ ಮೊದಲು ಅವಳು ಬಾಯಲ್ಲಿ ಪ್ರಾರ್ಥಿಸಿದರೆ ಅವನು ಸ್ಲೇಟಿನಲ್ಲಿ ಒಂದು ಸಾಲು ಬರೆಯುತ್ತಿದ್ದ. ಹದಿಮೂರನೆಯ ದಿನ ಬರೆದದ್ದು: "ಧ್ವನಿ ಕೊಡು. ಕೊಡದಿದ್ದರೂ ಬಿಟ್ಟು ಹೋಗಬೇಡ." ಅದನ್ನು ಅವಳು ಆ ದಿನ ಅಳಿಸಲು ಬಿಡಲಿಲ್ಲ. ಉಪ್ಪು ಬೇಕಾದಾಗ ಅವನು ಕೈಸನ್ನೆ ಮಾಡಬೇಕಾಯಿತು.

ಹದಿನೈದನೆಯ ದಿನ ಬೆಳಿಗ್ಗೆ ಹತ್ತೂಕಾಲಿಗೆ ಡಾಕ್ಟರ್ ಮೂಗಿನ ಮೂಲಕ ಸಣ್ಣ ನಳಿಗೆ ಇಳಿಸಿ ಪರದೆಯ ಮೇಲೆ ನೋಡಿದರು. ಗಾಯ ಮಾಗಿದೆ ಎಂದರು. "ಹೂಂ, ಈಗ 'ಆ' ಅನ್ನಿ."

ಮೈಕಣ್ಣ ಬಾಯಿ ತೆರೆದ. ಗಾಳಿ ಬಂತು, ಧ್ವನಿ ಬರಲಿಲ್ಲ.

"ಅವಸರ ಇಲ್ಲ. ಇನ್ನೊಮ್ಮೆ."

ಎರಡನೆಯ ಸಲವೂ ಗಾಳಿಯೇ. ಹೆಂಡತಿ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡಿದ್ದಳು. ಮೂರನೆಯ ಸಲ, ಬಹಳ ದಿನ ತೆಗೆಯದ ಬಾಗಿಲನ್ನು ತಳ್ಳಿದಂಥ ಸದ್ದೊಂದು ಬಂತು. ಸಣ್ಣದು, ಒರಟು, ನಡುವೆ ಒಡೆದದ್ದು. ಆದರೆ ಅದು ಧ್ವನಿ.

ಡಾಕ್ಟರ್ ಒಂದರಿಂದ ಹತ್ತು ಎಣಿಸಲು ಹೇಳಿದರು. ಎಣಿಸಿದ, ಆರು ಮತ್ತು ಒಂಬತ್ತು ಕೇಳಿಸಲಿಲ್ಲ. ಡಾಕ್ಟರ್ ಮುಚ್ಚುಮರೆ ಮಾಡಲಿಲ್ಲ. ಬಲಗಡೆಯ ತಂತುವಿನ ಮೇಲೆ ಗಾಯದ ಗುರುತು ಉಳಿದಿದೆ, ಮೂರು ತಿಂಗಳಲ್ಲಿ ಇನ್ನಷ್ಟು ಸುಧಾರಿಸಬಹುದು, ಮೇಜಿನ ಆಚೆ ಕೂತವರ ಜೊತೆ ಮಾತಾಡಲು ಸಾಕಾಗುತ್ತದೆ, ಮೈಕಿನ ಕೆಲಸಕ್ಕೂ ಸಭೆಯಲ್ಲಿ ಓದುವುದಕ್ಕೂ ಆಗುವುದಿಲ್ಲ ಎಂದರು. ಮೊದಲ ವಾರ ದಿನಕ್ಕೆ ಐದು ನಿಮಿಷ ಮಾತ್ರ ಮಾತು.

ಹೆಂಡತಿ ಅಳುತ್ತಿದ್ದಳು. ಮೈಕಣ್ಣ ಅವಳ ಕಡೆಗೆ ಬಾಗಿ, ಹದಿನೈದು ದಿನಗಳಲ್ಲಿ ಮೊದಲ ವಾಕ್ಯ ಹೇಳಿದ. "ಕನ್ನಡಕ ಒರೆಸ್ಕೋ. ಏನೂ ಕಾಣ್ತಿರಲ್ಲ ನಿನಗೆ."

"ನೀವು ಕೇಳಿಸ್ತಿದೀರಲ್ಲ, ಸಾಕು," ಎಂದಳು ಅವಳು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನು ನಿಂತ. ಅವಳು ಬಸ್ಸಿಗೆ ಹೊತ್ತಾಯಿತೆಂದು ಎರಡು ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದಳು. "ಏನಾಯ್ತು? ಬೇಜಾರಾ?"

"ಗಾಜಿನ ಕೋಣೆ ಹೋಯ್ತಲ್ಲ, ಅದಕ್ಕೆ ಬೇಜಾರಿದೆ," ಎಂದ. ಪ್ರತಿ ಪದಕ್ಕೂ ಉಸಿರು ಬೇಕಾಗುತ್ತಿತ್ತು. "ಅರ್ಧ ಬಂದಿದೆ. ಇನ್ನರ್ಧ ಬರುತ್ತೆ ಅಂತ ನಾನು ಹೇಳಲ್ಲ. ಗೊತ್ತಿಲ್ಲ. ಆದ್ರೆ ಬಂದಿದ್ದಕ್ಕೆ ಸ್ತೋತ್ರ ಹೇಳ್ಬೇಕು ಅನ್ನಿಸ್ತಿದೆ. ಇಲ್ಲೇ."

ಅವರು ಮೆಟ್ಟಿಲ ಪಕ್ಕಕ್ಕೆ ಸರಿದು ನಿಂತರು. ಜನ ಹತ್ತುತ್ತಾ ಇಳಿಯುತ್ತಾ ಇದ್ದರು. ಅವನು ಯಾವ ಪುಸ್ತಕವೂ ಇಲ್ಲದೆ, ತನ್ನ ಮಾತಿನಲ್ಲಿ, ಸುಮಾರು ಅರ್ಧ ನಿಮಿಷ ದೇವರ ಜೊತೆ ಮಾತಾಡಿದ. ಅಷ್ಟರಲ್ಲಿ ಬಸ್ಸು ಹೋಯಿತು. ಇನ್ನೊಂದು ಇಪ್ಪತ್ತು ನಿಮಿಷಕ್ಕೆ ಬಂತು.

ನಿಲ್ದಾಣದವರು ಅವನನ್ನು ಪಾರ್ಸೆಲ್ ಕಚೇರಿಗೆ ಹಾಕಿದರು. ಅಲ್ಲಿ ಮಾತಿಗಿಂತ ಬರಹ ಹೆಚ್ಚು. ಆ ವಾರದ ಭಾನುವಾರ ಸಭೆಯಲ್ಲಿ ಅವನು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಬೆಂಚಿನಲ್ಲಿ ಕೂತ, ಹೆಂಡತಿ ಒಂದು ಪಕ್ಕ, ಅಕ್ಕ ಇನ್ನೊಂದು ಪಕ್ಕ. ಮುಂದೆ ನಿಂತು ತೊಂಬತ್ತೊಂದನೆಯ ಕೀರ್ತನೆ ಓದಿದವನು ಬೇಕರಿಯವನು. ಎರಡು ಕಡೆ ಎಡವಿದ, ಒಂದು ಕಡೆ ಸಾಲು ಬಿಟ್ಟು ಹಿಂದೆ ಹೋಗಿ ಹುಡುಕಿಕೊಂಡ. ಜನ ಕಾದರು. ದೇವರು ತನ್ನವರ ಕೂಗಿಗೆ ಉತ್ತರ ಕೊಡುತ್ತೇನೆ, ಇಕ್ಕಟ್ಟಿನಲ್ಲಿ ಅವರ ಹತ್ತಿರ ಇರುತ್ತೇನೆ ಎನ್ನುವ ಕಡೆ ಮೈಕಣ್ಣ ಕಲಿಸಿದ ಹಾಗೆಯೇ ತಲೆ ಎತ್ತಿ ನೋಡಿದ.

ಆ ಸಭೆಯಲ್ಲಿ ಓದಿದವನು ಆಮೆನ್ ಹೇಳುವುದಿಲ್ಲ, ಕೇಳಿದವರು ಹೇಳುತ್ತಾರೆ. ಹೀಗಾಗಿ ಸಾವಿರದ ನೂರಕ್ಕೂ ಹೆಚ್ಚು ಭಾನುವಾರ ಓದಿದ ಮೈಕಣ್ಣ, ಅಷ್ಟೂ ವರ್ಷ ಅಲ್ಲಿ ಆ ಮಾತನ್ನು ಒಮ್ಮೆಯೂ ಹೇಳಿರಲಿಲ್ಲ. ಅಂದು ಎಲ್ಲರ ಜೊತೆ ಹೇಳಿದ.

"ಏನಂದ್ಯೋ? ಕೇಳಿಸ್ಲಿಲ್ಲ," ಎಂದಳು ಅಕ್ಕ.

ಅವನು ಇನ್ನೊಮ್ಮೆ ಹೇಳಿದ.

"ಸಾಕು ಬಿಡಿ ಅತ್ತಿಗೆ," ಎಂದು ಹೆಂಡತಿ ಅವನ ಮೊಣಕೈ ಹಿಡಿದಳು. "ಇವತ್ತಿನ ಐದು ನಿಮಿಷದಲ್ಲಿ ಇನ್ನು ಮೂರೂವರೆ ಉಳಿದಿದೆ. ಮನೆಗೂ ಒಂದಿಷ್ಟು ಬೇಕು."